ಕಾಯುವುದಕ್ಕೂ ಒಂದು ಬೆಲೆ: ಜಗಲಿ ಚೀಟಿಯಿಂದ ರಿಪೋ ದರದವರೆಗೆ

ಮಂಡ್ಯದಲ್ಲಿ ನಮ್ಮ ಬೀದಿಯ ಚೀಟಿ ಪ್ರತಿ ತಿಂಗಳು ಹತ್ತನೇ ತಾರೀಕು ಸಂಜೆ ಟೈಲರ್ ಅಕ್ಕನ ಮನೆ ಜಗಲಿ ಮೇಲೆ ನಡೆಯುತ್ತದೆ. ಇಪ್ಪತ್ತು ಜನ, ತಲೆಗೆ 5,000 ರೂಪಾಯಿ, ಒಟ್ಟು ಒಂದು ಲಕ್ಷದ ಚೀಟಿ. ಕಳೆದ ನವೆಂಬರಿನಲ್ಲಿ ಮೂರನೇ ತಿಂಗಳ ಕೂಗು, ಅಂದರೆ ಚೀಟಿ ಈಗಲೇ ಬೇಕಾದವರು ಅದರಲ್ಲಿ ಎಷ್ಟು ಬಿಟ್ಟುಕೊಡುತ್ತೇವೆ ಅಂತ ಹೇಳುವ ಹರಾಜು. ಡೇರಿಯವರು ಹದಿನೆಂಟು ಸಾವಿರದಿಂದ ಶುರು ಮಾಡಿದರು. ಯಾರೋ ಇಪ್ಪತ್ತು ಅಂದರು, ಇನ್ಯಾರೋ ಇಪ್ಪತ್ತೆರಡು ಅಂದರು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಹೂವಿನ ಅಂಗಡಿ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಇಪ್ಪತ್ತೈದಕ್ಕೆ ನಂಗೇ ಬುಡ್ರಪ್ಪ" ಅಂದರು. ಕೂಗು ಅಲ್ಲಿಗೆ ನಿಂತಿತು.

ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರು ತಡೆಯಲಾರದೆ, "ಇಪ್ಪತ್ತೈದು ಸಾವಿರ ನೀರಿಗೆ ಹಾಕ್ದಂಗಾಯ್ತಲ್ಲವ್ವಾ" ಅಂದರು.

"ಮಗಳ ಫೀಸು ಕಟ್ಟೋಕೆ ಶುಕ್ರವಾರ ಕಡೇ ದಿನ ಕಣ್ ಮೇಷ್ಟ್ರೆ. ನಿಮಗೇನು, ಕೊನೇ ಚೀಟಿ ಎತ್ಕತೀರ."

ಮೇಷ್ಟ್ರಿಗೆ ಆ ಹೊತ್ತಿಗೆ ತಮ್ಮದೇ ಒಂದು ಚಿಂತೆ ಇತ್ತು. ಅವರ ಎಫ್‌ಡಿ ಅವಧಿ ಮುಗಿದಿತ್ತು, ಮತ್ತೆ ಇಡಲು ಹೋದರೆ ಬ್ಯಾಂಕಿನವರು ಮೊದಲಿಗಿಂತ ಒಂದು ಪರ್ಸೆಂಟ್ ಕಡಿಮೆ ಬಡ್ಡಿ ಹೇಳಿದ್ದರು. ಅದೇ ವಾರ ಮೈಸೂರಿನಲ್ಲಿರುವ ಮಗ ಫೋನ್ ಮಾಡಿ ಮನೆ ಸಾಲದ ಬಡ್ಡಿ ಇಳಿದಿದೆ ಅಂತ ಖುಷಿಪಟ್ಟಿದ್ದ. "ಒಂದೇ ಮನೇಲಿ ಅಪ್ಪನಿಗೆ ಲಾಸು, ಮಗನಿಗೆ ಲಾಭ. ಇದ್ಯಾವ ಲೆಕ್ಕ?" ಅಂತ ಅವರು ನನ್ನನ್ನು ಕೇಳಿದರು. ಹೂವಿನ ಅಕ್ಕನ 25,000ಕ್ಕೂ ಮೇಷ್ಟ್ರ ಎಫ್‌ಡಿಗೂ ಬೇರು ಒಂದೇ. ಅದನ್ನು ಬಿಡಿಸಿ ನೋಡೋಣ.

ಇವತ್ತಿನ ರೂಪಾಯಿ, ನಾಳಿನ ರೂಪಾಯಿ

ಮೊದಲು ಚೀಟಿಯ ಲೆಕ್ಕ. ಅಕ್ಕ 25,000 ಬಿಟ್ಟುಕೊಟ್ಟು 75,000 ತೆಗೆದುಕೊಂಡರು. ಬಿಟ್ಟ ಹಣದಲ್ಲಿ 5,000 ಚೀಟಿ ನಡೆಸುವವರ ಕಮಿಷನ್. ಉಳಿದ 20,000 ಇಪ್ಪತ್ತು ಜನಕ್ಕೆ ಹಂಚಿಕೆಯಾಗುತ್ತದೆ, ತಲೆಗೆ 1,000. ಹಾಗಾಗಿ ಆ ತಿಂಗಳು ಎಲ್ಲರೂ 5,000ದ ಬದಲು 4,000 ಕಟ್ಟಿದರೆ ಸಾಕು. ಮೇಷ್ಟ್ರ ಹಾಗೆ ಕೊನೆಯ ತಿಂಗಳವರೆಗೆ ಕಾಯುವವರು ಪ್ರತಿ ತಿಂಗಳೂ ಇಂಥ ಪಾಲು ಪಡೆಯುತ್ತಾ, ಕೊನೆಗೆ ಕಮಿಷನ್ ಕಳೆದು 95,000 ಎತ್ತುತ್ತಾರೆ.

ಅಂದರೆ ಆ ಸಂಜೆ ಜಗಲಿಯ ಮೇಲೆ ಒಂದು ವ್ಯಾಪಾರ ನಡೆಯಿತು. ಅಕ್ಕ ಕಾಲವನ್ನು ಕೊಂಡರು, ಮೇಷ್ಟ್ರು ಮಾರಿದರು. ಮುಂದೆಂದೋ ಬರುವ ಹಣಕ್ಕಿಂತ ಈಗಲೇ ಕೈಗೆ ಸಿಗುವ ಹಣಕ್ಕೆ ಮನುಷ್ಯ ಹೆಚ್ಚು ಬೆಲೆ ಕೊಡುತ್ತಾನಲ್ಲ, ಅದನ್ನು ಅರ್ಥಶಾಸ್ತ್ರದಲ್ಲಿ ಟೈಮ್ ಪ್ರಿಫರೆನ್ಸ್ ಅನ್ನುತ್ತಾರೆ. ಕನ್ನಡದಲ್ಲಿ ಸಮಯದ ಆದ್ಯತೆ ಅನ್ನಬಹುದು. ಈಗಲೇ ಬೇಕೆನ್ನುವ ಒತ್ತಡ ಜಾಸ್ತಿ ಇದ್ದರೆ ಆದ್ಯತೆ ಹೆಚ್ಚು, ಕಾಯಬಲ್ಲೆ ಅನ್ನುವವರದು ಕಡಿಮೆ. ಬೇಕೆನ್ನುವವರು ಕಾಯುವವರಿಗೆ ಕೊಡುವ ಬೆಲೆಯೇ ಬಡ್ಡಿ.

ಚೀಟಿಯ ಸೊಗಸು ಇರುವುದು ಇಲ್ಲಿ. ಬ್ಯಾಂಕಿನಲ್ಲಿ ಬಡ್ಡಿ ಬೋರ್ಡಿನ ಮೇಲೆ ಬರೆದಿರುತ್ತದೆ, ಜಗಲಿಯಲ್ಲಿ ಅದು ಬಾಯಿಂದ ಬಾಯಿಗೆ ಕೂಗಿ ನಿಗದಿಯಾಗುತ್ತದೆ. ಮೊದಲ ತಿಂಗಳುಗಳಲ್ಲಿ ಕೂಗು ಏರಿರುತ್ತದೆ, ಕೊನೆಗೆ ಬರುತ್ತಾ ಇಳಿಯುತ್ತದೆ. ಯಾಕೆಂದರೆ ಅಷ್ಟರಲ್ಲಿ ಅವಸರದವರು ಎತ್ತಿಕೊಂಡು ಹೋಗಿರುತ್ತಾರೆ, ಕಾಯಬೇಕಾದ ಕಾಲವೂ ಕಡಿಮೆಯಾಗಿರುತ್ತದೆ. (ಚೀಟಿ ನಡೆಸಲು 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಬೇಕು, ಕಮಿಷನ್ ಶೇ. 7 ಮೀರುವಂತಿಲ್ಲ. ಜಗಲಿ ಚೀಟಿಗಳು ಆ ಗೊಡವೆಗೇ ಹೋಗುವುದಿಲ್ಲ. ನಡೆಸುವವರು ರಾತ್ರೋರಾತ್ರಿ ಊರು ಬಿಟ್ಟರೆ ಕೇಳುವವರಿಲ್ಲ ಅನ್ನುವುದು ನೆನಪಿರಲಿ.)

ಆಲೆಮನೆಯೋ, ಫ್ಯಾಕ್ಟರಿಯೋ

ನಮ್ಮ ಜಿಲ್ಲೆಯ ರೈತರಿಗೆ ಈ ಪಾಠ ಹೊಸದೇನಲ್ಲ. ಕಬ್ಬು ಕಡಿಯುವ ಹೊತ್ತಿಗೆ ಎದುರಾಗುವ ಪ್ರಶ್ನೆ ಇದೇ: ಆಲೆಮನೆಗೆ ಹಾಕಿ ಕೈಗೆ ಕಾಸು ತೆಗೆದುಕೊಳ್ಳುವುದೋ, ಸಕ್ಕರೆ ಫ್ಯಾಕ್ಟರಿಗೆ ಕಳಿಸಿ ಬಿಲ್ಲಿಗೆ ಕಾಯುವುದೋ.

ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ಕಬ್ಬಿಗೆ ಎಫ್‌ಆರ್‌ಪಿ ಅನ್ನುವ ಕನಿಷ್ಠ ಬೆಲೆ ಗೊತ್ತುಮಾಡುತ್ತದೆ. 2025-26ಕ್ಕೆ ಅದು ಶೇ. 10.25 ಸಕ್ಕರೆ ಇಳುವರಿಯ ಕಬ್ಬಿಗೆ ಕ್ವಿಂಟಲಿಗೆ 355 ರೂಪಾಯಿ ಇತ್ತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಿಸಿ ಕೊಡಬೇಕು. ಕಾಯಿಸಿದ್ದಕ್ಕೆ ಕಾನೂನೇ ಒಂದು ಬೆಲೆ ಕಟ್ಟಿದೆ, ನೋಡಿ.

ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಆಲೆಮನೆಯಲ್ಲಿ ಟನ್ನಿಗೆ ಇವತ್ತೇ 3,000. ಫ್ಯಾಕ್ಟರಿಯಲ್ಲಿ ಕಟಾವು, ಸಾಗಣೆ ಕಳೆದು ಮೂರು ತಿಂಗಳ ಮೇಲೆ 3,300. ಪಟ್ಟಣದಲ್ಲಿ ಕೂತವರು "ಮುನ್ನೂರು ರೂಪಾಯಿ ಬಿಟ್ಟು ಆಲೆಮನೆಗೆ ಹಾಕ್ತಾರಲ್ಲ, ದಡ್ಡರು" ಅನ್ನಬಹುದು. ಆದರೆ ಆ ರೈತನ ತಲೆ ಮೇಲೆ ಮೂರು ರೂಪಾಯಿ ಬಡ್ಡಿಯ ಕೈಸಾಲ ಇದೆ ಅನ್ನಿ. ನಮ್ಮ ಕಡೆ ಬಡ್ಡಿ ಹೇಳುವುದು ನೂರಕ್ಕೆ ತಿಂಗಳಿಗೆ ಇಷ್ಟು ಅಂತ. ಮೂರು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಶೇ. 36. ಇವತ್ತಿನ 3,000ವನ್ನು ಸಾಲಕ್ಕೆ ಕಟ್ಟಿದರೆ ಮೂರು ತಿಂಗಳಲ್ಲಿ 270 ಬಡ್ಡಿ ತಪ್ಪುತ್ತದೆ. ಆಗ ಇವತ್ತಿನ 3,000 ಮೂರು ತಿಂಗಳ ನಂತರದ 3,270ಕ್ಕೆ ಸಮ. ಫ್ಯಾಕ್ಟರಿಗೆ ಹಾಕಿದರೆ ಹೆಚ್ಚಿಗೆ ಸಿಗುವುದು ಬರೀ 30 ರೂಪಾಯಿ. ಬಡ್ಡಿ ನಾಲ್ಕು ರೂಪಾಯಿ ಆಗಿದ್ದರೆ 3,000 ಬೆಳೆದು 3,360 ಆಗುತ್ತದೆ, ಆಲೆಮನೆಯೇ ಲಾಭ. ಲೆಕ್ಕ ತಪ್ಪಿದ್ದು ದಡ್ಡ ಅಂದವರದು.

ಇಲ್ಲೇ ಇನ್ನೊಂದು ವಿಷಯ. ಟಿವಿಯಲ್ಲಿ ಬರುವ ರಿಸರ್ವ್ ಬ್ಯಾಂಕಿನ ದರ ವರ್ಷದ್ದು, ಊರಿನ ಬಡ್ಡಿ ತಿಂಗಳದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕದಿದ್ದರೆ ಗೊಂದಲ ತಪ್ಪಿದ್ದಲ್ಲ. 2025ರ ಡಿಸೆಂಬರಿನಲ್ಲಿ ರಿಪೋ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಶೇ. 5.25ಕ್ಕೆ ಬಂತು. ಊರಿನ ಭಾಷೆಯಲ್ಲಿ ಹೇಳಿದರೆ ಅದು ನೂರಕ್ಕೆ 44 ಪೈಸೆ ಬಡ್ಡಿ. ಫ್ಯಾಕ್ಟರಿ ತಡಮಾಡಿದ್ದಕ್ಕೆ ಕೊಡಬೇಕಾದದ್ದು 1 ರೂಪಾಯಿ 25 ಪೈಸೆ. ಕೈಸಾಲದ್ದು ಮೂರು, ನಾಲ್ಕು, ಕೆಲವೊಮ್ಮೆ ಐದು.

ಆತುರ ಸ್ವಭಾವದ್ದೋ, ಪರಿಸ್ಥಿತಿಯದೋ

1889ರಲ್ಲಿ ವಿಯೆನ್ನಾದ ಬೋಮ್ ಬಾವರ್ಕ್ ಅನ್ನುವ ಅರ್ಥಶಾಸ್ತ್ರಜ್ಞ, ಜನ ಯಾಕೆ ಇವತ್ತಿಗೆ ಹೆಚ್ಚು ಬೆಲೆ ಕೊಡುತ್ತಾರೆ ಅಂತ ಕಾರಣಗಳನ್ನು ಜೋಡಿಸಿಟ್ಟ. ಮುಂದೆ ಸ್ಥಿತಿ ಸುಧಾರಿಸೀತು ಅನ್ನುವ ನಂಬಿಕೆ ಒಂದು. ಮುಂದಿನದು ಮನಸ್ಸಿಗೆ ಮಸುಕಾಗಿ ಕಾಣುತ್ತದೆ ಅನ್ನುವುದು ಇನ್ನೊಂದು. ಇವತ್ತು ಕೈಲಿರುವುದನ್ನು ದುಡಿಮೆಗೆ ಹಾಕಿದರೆ ನಾಳೆ ಹೆಚ್ಚು ಹುಟ್ಟುತ್ತದೆ ಅನ್ನುವುದು ಮೂರನೆಯದು. ಅಮೆರಿಕದ ಇರ್ವಿಂಗ್ ಫಿಶರ್ 1930ರ ಹೊತ್ತಿಗೆ ಇದನ್ನು ಇನ್ನಷ್ಟು ತಿಳಿಯಾಗಿಸಿದ. ಅವನ ಪ್ರಕಾರ ಬಡ್ಡಿಯನ್ನು ಎರಡು ಕೈಗಳು ಎಳೆಯುತ್ತವೆ: ಒಂದು ಖರ್ಚು ಮಾಡುವ ಆತುರ, ಇನ್ನೊಂದು ಹಣ ಹೂಡಿ ಬೆಳೆಸುವ ಅವಕಾಶ. ಆತುರ ಎಷ್ಟು ಅನ್ನುವುದು ಆದಾಯದ ಮೇಲೆ ನಿಂತಿದೆ ಅಂತಲೂ ಅವನು ಹೇಳಿದ. ಆದಾಯ ಸಣ್ಣದಾದಷ್ಟೂ ಆತುರ ಹೆಚ್ಚು.

ಇದನ್ನು ಗಮನಿಸಬೇಕು. ಕಾಯಲಾರದವರನ್ನು ದುಂದುಗಾರರು ಅಂತ ಹೀಗಳೆಯುವ ಚಾಳಿ ಹಳೆಯದು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ತಮಿಳುನಾಡಿನ ಕಬ್ಬು ಬೆಳೆಗಾರರದ್ದು, ಅವರು ನಮ್ಮವರ ಹಾಗೆಯೇ ವರ್ಷಕ್ಕೊಮ್ಮೆ ದುಡ್ಡು ನೋಡುವವರು. ಕಟಾವಿಗೆ ಮುಂಚೆ ಕೈ ಖಾಲಿಯಿದ್ದಾಗ ಒಮ್ಮೆ, ಕಟಾವಿನ ಹಣ ಬಂದ ಮೇಲೆ ಒಮ್ಮೆ ಅದೇ ರೈತರಿಗೆ ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆಗಳನ್ನು ಕೊಟ್ಟರು. ಹಣ ಬಂದ ಮೇಲೆ ಫಲಿತಾಂಶ ಚೆನ್ನಾಗಿತ್ತು. ಮನುಷ್ಯ ಅವನೇ, ಜೇಬು ಬೇರೆ. ಹೂವಿನ ಅಕ್ಕನಿಗೂ ಮೇಷ್ಟ್ರಿಗೂ ಇರುವ ವ್ಯತ್ಯಾಸ ಸ್ವಭಾವದ್ದಲ್ಲ. ಮೇಷ್ಟ್ರಿಗೆ ತಿಂಗಳ ಮೊದಲ ವಾರ ಪಿಂಚಣಿ ಬರುತ್ತದೆ.

ಆದರೆ ಉಳ್ಳವರಿಗೂ ಒಂದು ದೌರ್ಬಲ್ಯವಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1981ರಲ್ಲಿ ಸೇಬಿನ ಉದಾಹರಣೆಯಲ್ಲಿ ತೋರಿಸಿದ್ದನ್ನು ನಾನು ಮದ್ದೂರು ವಡೆಗೆ ಬದಲಾಯಿಸುತ್ತೇನೆ. ಇವತ್ತು ಒಂದು ವಡೆ ಬೇಕೋ, ನಾಳೆ ಎರಡು ಬೇಕೋ? ರೈಲಿನಲ್ಲಿ ಬುಟ್ಟಿಯ ಘಮ ಮೂಗಿಗೆ ಹೊಡೆಯುವಾಗ ಬಹಳ ಜನ ಇವತ್ತಿನ ಒಂದನ್ನೇ ತಿನ್ನುತ್ತಾರೆ. ಒಂದು ವರ್ಷದ ಮೇಲೆ ಒಂದು ವಡೆಯೋ, ವರ್ಷದ ಮೇಲೊಂದು ದಿನ ಕಳೆದು ಎರಡೋ? ಆಗ ಎಲ್ಲರೂ ಎರಡು ಅನ್ನುವವರೇ. ಎರಡೂ ಕಡೆ ಕಾಯಬೇಕಾದದ್ದು ಒಂದೇ ದಿನ. ದೂರದಲ್ಲಿದ್ದಾಗ ನಾವೆಲ್ಲ ತಾಳ್ಮೆಯವರು, ಹತ್ತಿರ ಬಂದಾಗ ತಾಳ್ಮೆ ಸೋರಿಹೋಗುತ್ತದೆ. ಚೀಟಿಗೆ ಇಷ್ಟು ಜನ ಸೇರುವುದಕ್ಕೆ ಅರ್ಧ ಕಾರಣ ಇದೇ ಇರಬೇಕು. ಮನೆಯಲ್ಲಿ 5,000 ಉಳಿಯುವುದಿಲ್ಲ, ಹತ್ತನೇ ತಾರೀಕು ಕೊಡದಿದ್ದರೆ ಮರ್ಯಾದೆ ಹೋಗುತ್ತದೆ ಅನ್ನುವ ಭಯಕ್ಕೆ ಉಳಿಯುತ್ತದೆ.

ರಿಸರ್ವ್ ಬ್ಯಾಂಕ್ ಕೈ ಹಾಕುವುದು ಎಲ್ಲಿ

ಬ್ಯಾಂಕುಗಳಿಗೂ ದಿನದ ಕೊನೆಗೆ ಹಣ ಕಡಿಮೆ ಬೀಳುತ್ತದೆ. ಆಗ ತಮ್ಮಲ್ಲಿರುವ ಸರ್ಕಾರಿ ಸಾಲಪತ್ರಗಳನ್ನು ಅಡವಿಟ್ಟಂತೆ ಕೊಟ್ಟು ರಿಸರ್ವ್ ಬ್ಯಾಂಕಿನಿಂದ ಅಲ್ಪಾವಧಿಗೆ ಸಾಲ ತರುತ್ತವೆ. ಆ ಸಾಲದ ಬಡ್ಡಿಯೇ ರಿಪೋ ದರ. ನಾವು ಚಿನ್ನ ಇಟ್ಟು ಸಾಲ ತರುವುದಿಲ್ಲವೇ, ಅದೇ ಕೆಲಸ, ಚಿನ್ನದ ಜಾಗದಲ್ಲಿ ಸಾಲಪತ್ರ.

ಈ ದರವನ್ನು ನಿರ್ಧರಿಸುವುದು ಆರು ಜನರ ಹಣಕಾಸು ನೀತಿ ಸಮಿತಿ. ಮೂವರು ರಿಸರ್ವ್ ಬ್ಯಾಂಕಿನವರು, ಮೂವರನ್ನು ಕೇಂದ್ರ ಸರ್ಕಾರ ನೇಮಿಸುತ್ತದೆ. ಮತ ಸಮ ಬಿದ್ದರೆ ಗವರ್ನರ್ ಮತವೇ ಅಂತಿಮ. 2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿ ತಂದು ಈ ವ್ಯವಸ್ಥೆ ಮಾಡಿದ್ದು. ಬೆಲೆ ಏರಿಕೆ ಶೇ. 4ರ ಆಸುಪಾಸಿನಲ್ಲಿ, 2ಕ್ಕಿಂತ ಕೆಳಗಿಳಿಯದೆ 6 ಮೀರದೆ ಇರಬೇಕು ಅನ್ನುವುದು ಸರ್ಕಾರ ಕೊಟ್ಟ ಗುರಿ. ಸತತ ಒಂಬತ್ತು ತಿಂಗಳು ಗುರಿ ತಪ್ಪಿದರೆ ಯಾಕೆ ತಪ್ಪಿತು ಅಂತ ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ಪತ್ರ ಬರೆಯಬೇಕು. 2022ರಲ್ಲಿ ಹಾಗೆ ಬರೆಯಬೇಕಾಗಿ ಬಂತು.

ಮೈಸೂರಿನವರು ಒಮ್ಮೊಮ್ಮೆ ತಮಾಷೆಗೆ ಕೇಳುತ್ತಾರೆ: ನೋಟು ಅಚ್ಚಾಗುವುದೇ ನಮ್ಮೂರಲ್ಲಿ, ಮತ್ತೆ ಬಡ್ಡಿ ಯಾಕೆ? ರಿಸರ್ವ್ ಬ್ಯಾಂಕಿನ ನೋಟು ಮುದ್ರಣ ಕಂಪನಿಯ ಒಂದು ಮುದ್ರಣಾಲಯ ಮೈಸೂರಿನಲ್ಲಿ, ಇನ್ನೊಂದು ಪಶ್ಚಿಮ ಬಂಗಾಳದ ಸಾಲ್ಬೋನಿಯಲ್ಲಿ ಇರುವುದು ನಿಜ. ಆದರೆ ನೋಟು ಎಷ್ಟು ಅಚ್ಚಾದರೂ ಅಕ್ಕಿ, ಸಿಮೆಂಟು, ದುಡಿಯುವ ಕೈಗಳು ಇದ್ದಷ್ಟೇ ಇರುತ್ತವೆ. ಬಡ್ಡಿ ಹುಟ್ಟುವುದು ಅವುಗಳನ್ನು ಈಗಲೇ ಬೇಕೆನ್ನುವವರಿಗೂ ಆಮೇಲೆ ಸಾಕೆನ್ನುವವರಿಗೂ ನಡುವೆ.

ಅಪ್ಪನ ಎಫ್‌ಡಿ, ಮಗನ ಸಾಲ

ಈಗ ಮೇಷ್ಟ್ರ ಪ್ರಶ್ನೆ. ರಿಪೋ ದರ 2023ರ ಫೆಬ್ರವರಿಯಿಂದ ಎರಡು ವರ್ಷ ಶೇ. 6.50ರಲ್ಲೇ ನಿಂತಿತ್ತು. 2025ರ ಫೆಬ್ರವರಿ, ಏಪ್ರಿಲ್, ಜೂನ್, ಈ ಮೂರು ಸಭೆಗಳಲ್ಲಿ ಸೇರಿ ಒಂದು ಪರ್ಸೆಂಟ್ ಇಳಿದು 5.50ಕ್ಕೆ ಬಂತು.

2019ರ ಅಕ್ಟೋಬರಿನಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಮನೆ ಸಾಲಗಳನ್ನು ರಿಪೋದಂಥ ಹೊರಗಿನ ದರಕ್ಕೆ ಕಟ್ಟಿಹಾಕಲಾಗಿದೆ. ಮೂರು ತಿಂಗಳಿಗೊಮ್ಮೆಯಾದರೂ ಬಡ್ಡಿ ಪರಿಷ್ಕರಣೆಯಾಗಬೇಕು. ಹಾಗಾಗಿ ಇಳಿಕೆ ಮಗನ ಸಾಲಕ್ಕೆ ಬೇಗ ತಲುಪಿತು. ಎಫ್‌ಡಿ ಹಾಗಲ್ಲ. ಇಟ್ಟ ದಿನದ ಬಡ್ಡಿ ಅವಧಿ ಮುಗಿಯುವವರೆಗೆ ಅಲುಗಾಡುವುದಿಲ್ಲ, ಹೊಸದಾಗಿ ಇಡುವಾಗ ಹೊಸ ದರ. ಮೇಷ್ಟ್ರ ದುರದೃಷ್ಟಕ್ಕೆ ಅವರ ಅವಧಿ ಮುಗಿದದ್ದು ಇಳಿಕೆಯ ನಂತರ. ಹತ್ತು ಲಕ್ಷಕ್ಕೆ ಒಂದು ಪರ್ಸೆಂಟ್ ಅಂದರೆ ವರ್ಷಕ್ಕೆ 10,000, ತಿಂಗಳಿಗೆ 833 ರೂಪಾಯಿ. ಪಿಂಚಣಿದಾರರ ಸ್ವರ್ಗ ಅನ್ನಿಸಿಕೊಂಡ ಮೈಸೂರಿನಲ್ಲಿ ಈ 833ರ ಮಾತು ಬೆಳಗಿನ ವಾಕಿಂಗಿನಲ್ಲಿ ಎಷ್ಟು ಕೇಳಿಬರುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಇನ್ನು ಮಗನದು. 25 ಲಕ್ಷ ಸಾಲ, 20 ವರ್ಷ, ಬಡ್ಡಿ 9ರಿಂದ 8ಕ್ಕೆ ಇಳಿಯಿತು ಅಂದುಕೊಳ್ಳಿ. ತಿಂಗಳ ಕಂತು 22,493ರಿಂದ 20,911ಕ್ಕೆ ಇಳಿಯುತ್ತದೆ, ಸುಮಾರು 1,580 ಉಳಿತಾಯ. ಇಲ್ಲವೇ ಕಂತು ಹಾಗೇ ಬಿಟ್ಟರೆ ಸಾಲ 20 ವರ್ಷಕ್ಕೆ ಬದಲು 17 ವರ್ಷದಲ್ಲಿ ತೀರುತ್ತದೆ. ಹೇಳದೆ ಕೇಳದೆ ಎರಡನೆಯದನ್ನೇ ಮಾಡಿಬಿಡುವ ಬ್ಯಾಂಕುಗಳುಂಟು. ಬಡ್ಡಿ ಪರಿಷ್ಕರಣೆಯ ಹೊತ್ತಿನಲ್ಲಿ ಕಂತೋ ಅವಧಿಯೋ ಅನ್ನುವ ಆಯ್ಕೆ ಸಾಲಗಾರನಿಗೆ ಇರಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಸೂಚಿಸಿದೆ. ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ನೋಡಿದರೆ ಇದೂ ಚೀಟಿಯ ಪ್ರಶ್ನೆಯೇ: ಈಗಿನಿಂದ ತಿಂಗಳಿಗೆ 1,580 ಬೇಕೋ, ಕೊನೆಯ ಮೂರು ವರ್ಷ ತಿಂಗಳಿಗೆ 20,900 ಕಟ್ಟುವುದೇ ತಪ್ಪಬೇಕೋ? ಮಗ ಕಂತು ಇಳಿಸಿಕೊಂಡ. ಮಗುವನ್ನು ಆ ವರ್ಷ ಶಾಲೆಗೆ ಸೇರಿಸಿದ್ದ.

ಬೆಲೆ ಏರಿಕೆ ಕಳೆದ ಮೇಲೆ ಉಳಿದದ್ದು

ಇಲ್ಲಿಯವರೆಗೆ ರೂಪಾಯಿಯ ಲೆಕ್ಕ ಆಯಿತು. ಆದರೆ ಕಾಯುವವರಿಗೆ ಬೇಕಾದದ್ದು ರೂಪಾಯಿ ಅಲ್ಲ, ಆ ರೂಪಾಯಿಗೆ ಬರುವ ಸಾಮಾನು. ಎಫ್‌ಡಿ ಶೇ. 7 ಕೊಟ್ಟು ಬೆಲೆಗಳು ಶೇ. 6 ಏರಿದರೆ ಕಾದಿದ್ದಕ್ಕೆ ಸಿಕ್ಕ ನಿಜವಾದ ಕೂಲಿ ಸುಮಾರು ಒಂದು ಪರ್ಸೆಂಟ್. ಇದನ್ನು ನೈಜ ಬಡ್ಡಿ ಅನ್ನುತ್ತಾರೆ. ಈ ಕಳೆಯುವ ಲೆಕ್ಕಕ್ಕೂ ಫಿಶರನದೇ ಹೆಸರು.

ಎರಡು ತಿಂಗಳುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2022ರ ಏಪ್ರಿಲ್: ಚಿಲ್ಲರೆ ಬೆಲೆ ಏರಿಕೆ ಶೇ. 7.79, ರಿಪೋ ದರ 4. ಕೋವಿಡ್ ಕಾಲದಲ್ಲಿ ಇಳಿಸಿದ ದರ ಹಾಗೇ ಇತ್ತು. ಉಳಿಸಿದವರ ಹಣ ಬ್ಯಾಂಕಿನಲ್ಲಿ ಬೆಳೆಯುವಂತೆ ಕಾಣುತ್ತಾ ಒಳಗೊಳಗೇ ಕರಗುತ್ತಿತ್ತು, ಸಾಲಗಾರರಿಗೆ ಅದೇ ಅನುಕೂಲ. ಮೇ ತಿಂಗಳಿಂದ ರಿಸರ್ವ್ ಬ್ಯಾಂಕ್ ದರ ಏರಿಸತೊಡಗಿತು. 2025ರ ಅಕ್ಟೋಬರ್: ಬೆಲೆ ಏರಿಕೆ ಶೇ. 0.25, ರಿಪೋ 5.50. ಆಗ ಕಾಯುವವರದೇ ಮೇಲುಗೈ. ಕೈಗೆ ಬಡ್ಡಿ ಕಡಿಮೆ ಬಂತು ಅಂತ ಮೇಷ್ಟ್ರು ಬೇಸರಪಟ್ಟರೂ, ಸಂತೆಯ ಲೆಕ್ಕದಲ್ಲಿ ಅವರು 2022ಕ್ಕಿಂತ ಎಷ್ಟೋ ಚೆನ್ನಾಗಿದ್ದರು. ಇದನ್ನು ಹೇಳಿದರೆ ಅವರು ಒಪ್ಪುವುದಿಲ್ಲ. ಔಷಧಿ ಅಂಗಡಿಯ ಬಿಲ್ಲು ಸರಾಸರಿಯನ್ನು ಕೇಳುವುದಿಲ್ಲವಲ್ಲ.

ಕನ್ನಂಬಾಡಿ ಕಟ್ಟೆಯ ಗೇಟು

ಹಾಗಾದರೆ ಜನರ ತಾಳ್ಮೆಯನ್ನೇ ರಿಸರ್ವ್ ಬ್ಯಾಂಕ್ ಬದಲಾಯಿಸಬಲ್ಲದೇ? ಅರ್ಥಶಾಸ್ತ್ರಜ್ಞರು ನೂರು ವರ್ಷದಿಂದ ಕಿತ್ತಾಡುತ್ತಿರುವುದು ಇಲ್ಲೇ.

ಕನ್ನಂಬಾಡಿ ಕಟ್ಟೆಯನ್ನು ನೆನೆಸಿಕೊಳ್ಳಿ. ಕೊಡಗಿನಲ್ಲಿ ಮಳೆ ಬಿದ್ದಷ್ಟು ನೀರು ಬರುತ್ತದೆ, 124.80 ಅಡಿಗೆ ಕಟ್ಟೆ ಭರ್ತಿ. ಜನರ ಉಳಿತಾಯ ಆ ನೀರು. ಗೇಟು ಎಷ್ಟು ಎತ್ತಬೇಕು ಅನ್ನುವುದು ಎಂಜಿನಿಯರ್ ಕೈಯಲ್ಲಿದೆ, ಅದು ಬಡ್ಡಿದರ. ಸ್ವೀಡನ್ನಿನ ವಿಕ್ಸೆಲ್ 1898ರಲ್ಲಿ ಹೇಳಿದ್ದು: ಉಳಿತಾಯಕ್ಕೂ ಹೂಡಿಕೆಗೂ ಸರಿಹೊಂದುವ ಒಂದು ಸಹಜ ಬಡ್ಡಿ ಇರುತ್ತದೆ, ಬ್ಯಾಂಕಿನ ಬಡ್ಡಿ ಅದಕ್ಕಿಂತ ಕೆಳಗಿದ್ದರೆ ಬೆಲೆಗಳು ಏರುತ್ತಾ ಹೋಗುತ್ತವೆ. ಆಸ್ಟ್ರಿಯಾದ ಮೀಸಸ್ ಮತ್ತು ಹಾಯೆಕ್ ಇನ್ನೂ ಮುಂದೆ ಹೋದರು. ಕಟ್ಟೆಯಲ್ಲಿ ನೀರಿಲ್ಲದೆ ಗೇಟು ಎತ್ತಿದರೆ ನಾಲೆಯ ಕೊನೆಯವರೂ ನೀರು ಬರುತ್ತದೆ ಅಂತ ನಂಬಿ ಭತ್ತದ ಪೈರು ನಾಟುತ್ತಾರೆ. ಪೈರು ಅರ್ಧಕ್ಕೆ ಬಂದಾಗ ನೀರು ನಿಲ್ಲುತ್ತದೆ. ಕೃತಕವಾಗಿ ಇಳಿಸಿದ ಬಡ್ಡಿ, ಜನ ತಾಳ್ಮೆಯಿಂದ ಉಳಿಸಿದ್ದಾರೆ ಅನ್ನುವ ಸುಳ್ಳು ಸುದ್ದಿಯನ್ನು ಉದ್ಯಮಿಗಳಿಗೆ ಕೊಡುತ್ತದೆ ಅನ್ನುವುದು ಅವರ ವಾದ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ಒಪ್ಪಲಿಲ್ಲ. ಬಡ್ಡಿ ಕಾಯುವುದಕ್ಕೆ ಸಿಗುವ ಕೂಲಿಯಲ್ಲ, ಬೇಕೆಂದಾಗ ಬಳಸಬಹುದಾದ ನಗದನ್ನು ಕೈಯಿಂದ ಬಿಡುವುದಕ್ಕೆ ಸಿಗುವ ಕೂಲಿ ಅಂದ. ಹಿಂಜರಿತದ ಕಾಲದಲ್ಲಿ ಎಲ್ಲರೂ ನಗದನ್ನು ಬಿಗಿಹಿಡಿದು ಕೂತರೆ ಕೆಲಸವೇ ನಿಲ್ಲುತ್ತದೆ. ಆಗ ಗೇಟು ಎತ್ತಿದರೆ ಹರಿದ ನೀರು ಗದ್ದೆಯಿಂದ ಬಸಿದು ಮತ್ತೆ ಹಳ್ಳ ಸೇರುವ ಹಾಗೆ, ಖರ್ಚಾದ ಹಣ ಇನ್ನೊಬ್ಬರ ಆದಾಯವಾಗಿ ಅದರಲ್ಲೊಂದು ಪಾಲು ಉಳಿತಾಯವೂ ಆಗುತ್ತದೆ. ಜಪಾನ್ 2016ರಿಂದ 2024ರ ಮಾರ್ಚ್‌ವರೆಗೆ ದರವನ್ನು ಸೊನ್ನೆಗಿಂತಲೂ ಕೆಳಗೆ, ಮೈನಸ್ 0.1ರಲ್ಲಿ ಇಟ್ಟಿತ್ತು. ಬ್ಯಾಂಕುಗಳು ಕೇಂದ್ರ ಬ್ಯಾಂಕಿನಲ್ಲಿಟ್ಟ ಹಣದ ಒಂದು ಭಾಗಕ್ಕೆ ತಾವೇ ದುಡ್ಡು ಕಟ್ಟಬೇಕಾಗಿತ್ತು. ಅಷ್ಟಾದರೂ ಜನ ಮುಗಿಬಿದ್ದು ಖರ್ಚು ಮಾಡಲಿಲ್ಲ. ಗೇಟು ಎಂಜಿನಿಯರ್ ಕೈಯಲ್ಲಿದ್ದರೂ ನಾಟಿ ಮಾಡಬೇಕೋ ಬೇಡವೋ ಅನ್ನುವುದು ರೈತನ ಕೈಯಲ್ಲೇ ಇರುತ್ತದೆ.

ಡಿಸೆಂಬರಿನಲ್ಲಿ ರಿಪೋ ಇನ್ನೂ ಕಾಲು ಪರ್ಸೆಂಟ್ ಇಳಿಯಿತು. ಜನವರಿ ಹತ್ತರ ಸಂಜೆ ನಮ್ಮ ಜಗಲಿಯಲ್ಲಿ ಐದನೇ ಕೂಗು. ಲೆಕ್ಕದಂತೆ ಕೂಗು ಇಳಿಯಬೇಕಿತ್ತು, ಆದರೆ ಮೂರು ಮನೆಯವರಿಗೆ ಒಟ್ಟಿಗೆ ಅವಸರ ಬಂದಿತ್ತು: ಒಬ್ಬರಿಗೆ ಸಂಕ್ರಾಂತಿ ಕಳೆದು ಮದುವೆ, ಒಬ್ಬರಿಗೆ ಮನೆ ಭೋಗ್ಯದ ಹಣ, ಡೇರಿಯವರಿಗೆ ಹೊಸ ಹಸು. ಚೀಟಿ 26,000ಕ್ಕೆ ಹೋಯಿತು, ತಲೆಗೆ 1,050 ಪಾಲು. ಮೇಷ್ಟ್ರು ಕನ್ನಡಕ ಏರಿಸಿಕೊಂಡು 3,950 ಎಣಿಸಿ ಕೊಟ್ಟು, ಉಳಿದ ನೋಟುಗಳನ್ನು ಜೇಬಿಗೆ ಹಾಕಿಕೊಂಡು, "ಬ್ಯಾಂಕಿಗಿಂತ ಇದೇ ವಾಸಿ" ಅಂದರು. ಹೂವಿನ ಅಕ್ಕ ಅವರ ಕಡೆ ತಿರುಗಿ ನೋಡಿ ತಮ್ಮ 3,950 ಕೊಟ್ಟರು.